ಆರು ಜನ, ಎರಡು ದಿನ, ಒಂದು ಚಿಕ್ಕ ದೋಣಿ: ನಮ್ಮ ಪ್ಲಾನ್ ಸರಿ ಇದೆಯಾ?

ನೀಲಿದಾರಿ:

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಸ್ನೇಹಿತರು. ಮುಂದಿನ ಶನಿವಾರ, ಭಾನುವಾರ ಕಡಲ ಕಡೆ ಹೋಗುತ್ತಿದ್ದೇವೆ. ಎರಡು ವರ್ಷದಿಂದ ಬರೀ ಮಾತಾಡುತ್ತಲೇ ಇದ್ದೆವು, ಒಬ್ಬರಿಗೆ ರಜೆ ಇದ್ದರೆ ಇನ್ನೊಬ್ಬರಿಗೆ ಇರುತ್ತಿರಲಿಲ್ಲ, ಈಗ ಹೇಗೋ ಕೂಡಿ ಬಂದಿದೆ. ಆರು ಮೀಟರ್ ಉದ್ದದ ಮೋಟಾರ್ ದೋಣಿ ಬಾಡಿಗೆಗೆ ಮಾತಾಡಿದ್ದೇವೆ. ನಮ್ಮಲ್ಲಿ ಒಬ್ಬನಿಗೆ ದೋಣಿ ನಡೆಸುವ ಲೈಸೆನ್ಸ್ ಇದೆ. ಆದರೆ ಅವನು ಇದುವರೆಗೆ ನಡೆಸಿದ್ದೆಲ್ಲ ಹೆಚ್ಚಾಗಿ ಕೆರೆ, ಜಲಾಶಯಗಳಲ್ಲಿ. ಇಬ್ಬರಿಗೆ ಈಜು ಬರುವುದಿಲ್ಲ. ಒಬ್ಬಳಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ.

ದೋಣಿ ಇರುವುದು ನದಿಯೊಳಗಿನ ಜೆಟ್ಟಿಯಲ್ಲಿ. ಅಲ್ಲಿಂದ ಅಳಿವೆ ಬಾಯಿಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ, ಸುಮಾರು 3 ಕಿಲೋಮೀಟರ್. ಶನಿವಾರ ಬೆಳಿಗ್ಗೆ 10 ಗಂಟೆಗೆ ಹೊರಡುವುದು, ಅಳಿವೆ ದಾಟಿ ಕಡಲಿಗೆ ಹೋಗುವುದು, ಮೊದಲು ಬಂಡೆಯ ಮೇಲಿರುವ ದೀಪಸ್ತಂಭ, ಆಮೇಲೆ ಕಡಲ ಗುಹೆ, ಆಮೇಲೆ ನೀರು ಇಳಿದಾಗ ಮಾತ್ರ ಮೇಲೆ ಕಾಣುವ ಮರಳ ದಿಬ್ಬ, ಸಿಕ್ಕರೆ ಡಾಲ್ಫಿನ್, ಕೊನೆಗೆ ನೀರಿನ ಮೇಲಿಂದಲೇ ಸೂರ್ಯಾಸ್ತ ನೋಡಿಕೊಂಡು ವಾಪಸ್. ಭಾನುವಾರ ಸುಮ್ನೆ ಹಿನ್ನೀರಿನಲ್ಲಿ ಸುತ್ತಾಟ. ಇಷ್ಟೂ ಆಗುತ್ತದಾ? ಯಾವುದನ್ನಾದರೂ ಬಿಡಬೇಕಾ?

ಇನ್ನೊಂದು. ಬಾಡಿಗೆಯವರು ಉಬ್ಬರ ಇಳಿತದ ಪಟ್ಟಿ ಕಳಿಸಿದ್ದಾರೆ. ಶನಿವಾರ ಉಬ್ಬರ ಮಧ್ಯಾಹ್ನ 12.20ಕ್ಕೆ, ಇಳಿತ ಸಂಜೆ 6.30ಕ್ಕೆ ಅಂತ ಇದೆ. ಹುಣ್ಣಿಮೆ ಗುರುವಾರ ಬರುತ್ತದೆ. ಇಷ್ಟು ಚಿಕ್ಕ ಪ್ರವಾಸಕ್ಕೆ ಇದನ್ನೆಲ್ಲ ನೋಡಬೇಕಾ?


ಹಳೇಹುಟ್ಟು:

ನೋಡಲೇಬೇಕಪ್ಪ. ನೀವು ಕೊನೆಯಲ್ಲಿ ಬರೆದ ಆ ಎರಡು ಸಾಲಿನಲ್ಲೇ ನಿಮ್ಮ ಇಡೀ ಪ್ರವಾಸ ಇದೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕೆರೆಯಲ್ಲಿ ನೀರು ಇದ್ದಲ್ಲೇ ಇರುತ್ತದೆ. ಕಡಲಲ್ಲಿ ಹಾಗಲ್ಲ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಅಂದರೆ ಆರು ಗಂಟೆ ಚಿಲ್ಲರೆ ನೀರು ಏರುತ್ತದೆ, ಆರು ಗಂಟೆ ಚಿಲ್ಲರೆ ಇಳಿಯುತ್ತದೆ, ಮತ್ತು ಪ್ರತಿ ದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಎಲ್ಲ ಕಡೆ ಒಂದೇ ಥರ ಅಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಬಹಳ ಕಡೆ ಏರಿಳಿತ ಕಣ್ಣಿಗೆ ಬೀಳುವುದೇ ಕಡಿಮೆ, ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್‌ವರೆಗೂ ಆಗುತ್ತದೆ. ಹಾಗಾಗಿ ನೀವು ಹೋಗುವ ಜಾಗದ ಪಟ್ಟಿಯನ್ನೇ ನಂಬಬೇಕು, ಪಕ್ಕದ ಊರಿನದು ಬೇಡ.

ಈಗ ನಿಮ್ಮ ಶನಿವಾರಕ್ಕೆ ಬರೋಣ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಇಳಿತದ ಅಂತರ ಅತಿ ಜಾಸ್ತಿ ಇರುತ್ತದೆ. ಗುರುವಾರ ಹುಣ್ಣಿಮೆ ಅಂದರೆ ಶನಿವಾರ ಸರಿಯಾಗಿ ಆ ದಿನ. ಅಂತರ ಜಾಸ್ತಿ ಇದ್ದಷ್ಟೂ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ನೀರು ಓಡಾಡಬೇಕು, ಸೆಳೆತ ಜೋರು. ನಿಮ್ಮ ಲೆಕ್ಕದಲ್ಲಿ ಉಬ್ಬರ 12.20ಕ್ಕೆ ಮುಗಿಯುತ್ತದೆ. ಅಲ್ಲಿಂದ ನದಿಯ ನೀರು ಅಳಿವೆಯಿಂದ ಹೊರಗೆ ನುಗ್ಗಲು ಶುರು. ಮಧ್ಯದ ಎರಡು ಗಂಟೆ, ಅಂದರೆ ಸುಮಾರು 2.30ರಿಂದ 4.30, ಆ ಓಟ ಅತಿ ಜೋರು. ಸರಿಯಾಗಿ ಅದೇ ಹೊತ್ತಿಗೆ ಗಾಳಿ ಏನು ಮಾಡುತ್ತಿರುತ್ತದೆ? ಬಿಸಿಲಿಗೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರಿರುತ್ತದೆ, ಆ ಜಾಗ ತುಂಬಲು ಕಡಲಿನ ತಂಪು ಗಾಳಿ ಒಳಕ್ಕೆ ಬೀಸುತ್ತಿರುತ್ತದೆ. ಕಡಲಗಾಳಿ ಜೋರಾಗುವುದೂ ಮಧ್ಯಾಹ್ನ ಕಳೆದ ಮೇಲೆಯೇ. ನೀರು ಹೊರಗೆ, ಗಾಳಿ ಒಳಗೆ. ಎರಡೂ ಎದುರುಬದುರು ಆದಾಗ ತೆರೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಒತ್ತೊತ್ತಾಗಿ ಏಳುತ್ತದೆ. ಅಳಿವೆ ಬಾಯಿಯಲ್ಲಿ ತಳ ಬೇರೆ ಆಳ ಇರುವುದಿಲ್ಲ. ಆರು ಮೀಟರ್ ದೋಣಿಯಲ್ಲಿ, ಆರು ಜನ ಕೂತು, ಕೆರೆಯಲ್ಲಿ ಕಲಿತ ಕೈಯಲ್ಲಿ ಅದನ್ನು ದಾಟಿ ಬರುವುದು ಬೇಡ. ನನ್ನ ಮಾತು ಕಟುವಾಗಿ ಕೇಳಿಸಿದರೆ ಕ್ಷಮಿಸಿ. ನಾನು 22 ವರ್ಷದಿಂದ ಚಿಕ್ಕ ದೋಣಿಯಲ್ಲಿ ಓಡಾಡುತ್ತಿದ್ದೇನೆ. ಕಡಲಿನ ನಡುವೆ ಹೆದರಿದ್ದಕ್ಕಿಂತ ಅಳಿವೆ ಬಾಯಿಯಲ್ಲಿ ಹೆದರಿದ್ದೇ ಹೆಚ್ಚು.

ಸಾಧ್ಯವಿದ್ದರೆ ಒಂದೇ ಕೆಲಸ ಮಾಡಿ. ಪ್ರವಾಸವನ್ನು ಒಂದು ವಾರ ಮುಂದೆ ಹಾಕಿ.


ಮರಳುದಿಬ್ಬ:

ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ನಿಮ್ಮ ಪಟ್ಟಿಯಲ್ಲಿರುವ ಆ ದಿಬ್ಬದ ಬಗ್ಗೆ ನಾನು ಹೇಳಲೇಬೇಕು. ಬೇರೆ ಕಡೆಯ ದಿಬ್ಬ, ಆದರೆ ಕಥೆ ಎಲ್ಲ ಕಡೆಯದೂ ಒಂದೇ.

ನಾವು ಐದು ಜನ ಹೋಗಿದ್ದೆವು. ಉಬ್ಬರ ಬೆಳಿಗ್ಗೆ 9 ಗಂಟೆಗೆ ಇತ್ತು. ನಾವು ಮುಟ್ಟಿದ್ದು 9.45ಕ್ಕೆ. ದಿಬ್ಬದ ನೆತ್ತಿ ಮಾತ್ರ ಆಗ ಕಾಣುತ್ತಿತ್ತು, ನೀರು ಗಾಜಿನ ಹಾಗೆ ಇತ್ತು. ದೋಣಿಯ ಮೂತಿಯನ್ನು ಮರಳಿಗೆ ಹತ್ತಿಸಿ, ಹಿಂಭಾಗ ನೀರಿನಲ್ಲೇ ಇದೆಯಲ್ಲ ಅಂತ ಧೈರ್ಯವಾಗಿ ನಡೆಯಲು ಹೋದೆವು. ಚಿಪ್ಪು ಆರಿಸಿದೆವು, ಫೋಟೋ ತೆಗೆದೆವು. 11.15ಕ್ಕೆ ತಿರುಗಿ ಬಂದರೆ ದೋಣಿ ಒಂದು ಪಕ್ಕಕ್ಕೆ ವಾಲಿ ಒಣ ಮರಳಿನ ಮೇಲೆ ಮಲಗಿತ್ತು. ಎಂಜಿನ್‌ನ ಪಂಖ ಮರಳಲ್ಲಿ ಹೂತುಹೋಗಿತ್ತು. ನೀರಿನ ಅಂಚು ಮೂವತ್ತು ಹೆಜ್ಜೆ ಆಚೆ ಇತ್ತು. ಐದು ಜನ ಸೇರಿ ತಳ್ಳಿದೆವು. ಒಂದು ಗೇಣು ಕೂಡ ಸರಿಯಲಿಲ್ಲ.

ಆಮೇಲೆ ಕಲಿತ ಲೆಕ್ಕ ಹೇಳುತ್ತೇನೆ, ನಿಮ್ಮ ದೋಣಿ ನಡೆಸುವವನಿಗೆ ಬಾಯಿಪಾಠ ಮಾಡಿಸಿ. ನೀರು ಆರು ಗಂಟೆಯಲ್ಲಿ ಇಳಿಯುತ್ತದೆ ಅಂದುಕೊಳ್ಳಿ, ಒಟ್ಟು ಇಳಿತವನ್ನು 12 ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಒಟ್ಟು ಇಳಿತ 3 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ ಬರೀ 25 ಸೆಂಟಿಮೀಟರ್. ಅದಕ್ಕೇ ಶುರುವಿನಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಮೂರನೇ ಗಂಟೆಯಲ್ಲಿ ಮುಕ್ಕಾಲು ಮೀಟರ್ ಹೋಗಿಬಿಡುತ್ತದೆ. ಇದು ಅಂದಾಜು ಲೆಕ್ಕ, ಆದರೂ ನಮ್ಮ ದಿನಕ್ಕೆ ಚೆನ್ನಾಗಿ ಹೊಂದುತ್ತದೆ. ದೋಣಿಯ ತಳ ಮರಳು ಮುಟ್ಟಿದ್ದು ನಾವು ಬೆನ್ನು ತಿರುಗಿಸಿ ಅರ್ಧ ಗಂಟೆಗೇ ಇರಬೇಕು. ಮತ್ತೆ ಅಷ್ಟು ನೀರು ಬರಬೇಕಾದರೆ ಇಳಿತ ಪೂರ್ತಿ ಮುಗಿದು, ಮುಂದಿನ ಉಬ್ಬರ ಪೂರ್ತಿ ಆಗುತ್ತಾ ಬರಬೇಕು. ನಾವು ಬಿಡುಗಡೆ ಆಗಿದ್ದು ರಾತ್ರಿ 8ರ ಸುಮಾರಿಗೆ. ಒಂದು ಮರ ಇಲ್ಲ, ನೆರಳಿಲ್ಲ, ಐದು ಜನಕ್ಕೆ ಎರಡು ಬಾಟಲಿ ನೀರು. ಸುತ್ತ ನೀರೇ ಇದ್ದರೂ ಒಂದು ಗುಟುಕು ಕುಡಿಯುವ ಹಾಗಿಲ್ಲ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಕುಡಿದರೆ ಬಾಯಾರಿಕೆ ಇನ್ನೂ ಜಾಸ್ತಿ. ಕತ್ತಲಲ್ಲಿ ಮೀನು ಹಿಡಿಯುವ ದೋಣಿಯವರು ಮುಂದೆ ಹೋಗಿ ದಾರಿ ತೋರಿಸಿದರು, ಅವರ ಉಪಕಾರ ಮರೆಯುವುದಿಲ್ಲ.

ದಿಬ್ಬ ಬಿಡಿ ಅಂತ ಹೇಳುವುದಿಲ್ಲ, ಅಷ್ಟು ಚೆಂದದ ಜಾಗ ಅದು. ಇಳಿತ ಮುಗಿಯಲು ಒಂದು ಗಂಟೆ ಇರುವಾಗ ಹೋಗಿ. ದೋಣಿಯನ್ನು ಮರಳಿಗೆ ಹತ್ತಿಸಬೇಡಿ, ಸೊಂಟದಷ್ಟು ನೀರಿನಲ್ಲಿ ಲಂಗರು ಹಾಕಿ ನಡೆದು ಹೋಗಿ. ಒಬ್ಬರು ದೋಣಿಯಲ್ಲೇ ಇರಲಿ. ನೀರು ಏರಲು ಶುರುವಾದ ಕೂಡಲೇ ಎಲ್ಲರೂ ವಾಪಸ್, ಏಕೆಂದರೆ ದಿಬ್ಬ ಮುಳುಗುವಾಗಲೂ ಅದೇ ಲೆಕ್ಕ, ಮೊದಲು ನಿಧಾನ, ಆಮೇಲೆ ಒಮ್ಮೆಗೇ.


ತೀರದವಳು:

ಬಸ್ಸಿನಲ್ಲಿ ವಾಂತಿ ಬರುವ ಆ ಹುಡುಗಿಗಾಗಿ ಬರೆಯುತ್ತಿದ್ದೇನೆ. ನಾನೂ ಅವಳ ಥರದವಳೇ. ಆದರೂ ಈಗ ವರ್ಷಕ್ಕೆ ನಾಲ್ಕೈದು ಸಲ ದೋಣಿ ಹತ್ತುತ್ತೇನೆ.

ಇದು ಮನಸ್ಸಿನ ದೌರ್ಬಲ್ಯ ಅಂತ ಯಾರಾದರೂ ಅವಳಿಗೆ ಹೇಳಿದರೆ ನೀವು ತಡೆಯಿರಿ. ಒಳಕಿವಿ ದೇಹ ಅಲುಗಾಡುತ್ತಿದೆ ಅನ್ನುತ್ತದೆ, ಕಣ್ಣು ಎದುರಿಗಿರುವ ಸೀಟು, ಬ್ಯಾಗು ನೋಡಿ ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಮಿದುಳಿಗೆ ಎರಡು ಬೇರೆ ಬೇರೆ ಸುದ್ದಿ ಹೋಗುತ್ತದೆ. ಅದಕ್ಕೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅವಳನ್ನು ದೋಣಿಯ ಮಧ್ಯಕ್ಕಿಂತ ಸ್ವಲ್ಪ ಹಿಂದೆ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ. ಮೂತಿಯ ಹತ್ತಿರ ಬೇಡ. ಎಂಜಿನ್ ಹೊಗೆ ಬರುವ ಕಡೆಯೂ ಬೇಡ. ದೂರದ ಅಂಚು, ಅಂದರೆ ಕಡಲೂ ಆಕಾಶವೂ ಕೂಡುವ ಗೆರೆ ನೋಡುತ್ತಾ ಇರಲಿ. ಫೋನ್ ನೋಡಲೇಬಾರದು. ಮಾತ್ರೆ ತಗೊಳ್ಳುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ತಗೊಳ್ಳಬೇಕು, ತಲೆ ತಿರುಗಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ಅದನ್ನು ತಗೊಂಡವರು ಚುಕ್ಕಾಣಿ ಮುಟ್ಟಬಾರದು. ಇನ್ನೊಂದು ಗೊತ್ತಿರಲಿ. ಲಂಗರು ಹಾಕಿ ನಿಂತಾಗ, ಓಡುವಾಗಿನದಕ್ಕಿಂತ ಕಷ್ಟ ಆಗಬಹುದು. ತೆರೆಯ ಮೇಲೆ ದೋಣಿ ಸುಮ್ನೆ ಹೊರಳಾಡುತ್ತದಲ್ಲ, ಅದಕ್ಕೆ. ಬಂಡೆಯ ಮರೆಯಲ್ಲಿ ನಿಲ್ಲಿಸಿ.

ಈಜು ಬಾರದ ಇಬ್ಬರ ವಿಷಯ. ಲೈಫ್ ಜಾಕೆಟ್ ದೋಣಿಯಲ್ಲಿ ಇದೆ ಅನ್ನುವುದು ಬೇರೆ, ಮೈಮೇಲೆ ಇದೆ ಅನ್ನುವುದು ಬೇರೆ. ಜೆಟ್ಟಿಯಲ್ಲೇ ಆರೂ ಜನ ಹಾಕಿಕೊಳ್ಳಿ, ಈಜು ಬರುವವರೂ. ಒಳಗಿನ ಚೀಟಿ ಓದಿ. ಜಾಕೆಟ್ ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವುದನ್ನು ನ್ಯೂಟನ್‌ನಲ್ಲಿ ಬರೆದಿರುತ್ತಾರೆ. 50 ನ್ಯೂಟನ್ ಅಂತ ಇದ್ದರೆ ಅದು ಈಜು ಬರುವವರಿಗೆ, ದಡ ಹತ್ತಿರ ಇದ್ದಾಗ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ನಿಮ್ಮ ಸ್ನೇಹಿತರಿಗೆ 100 ಅಥವಾ 150 ಕೇಳಿ. ಹಾಕಿದ ಮೇಲೆ ಒಂದು ಪರೀಕ್ಷೆ: ಹಿಂದೆ ನಿಂತು ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಎತ್ತಿ. ಅದು ಕಿವಿಯವರೆಗೆ ಬಂದರೆ ನೀರಿನಲ್ಲಿ ತಲೆಯಿಂದಲೇ ಕಳಚಿಕೊಳ್ಳುತ್ತದೆ. ಪಟ್ಟಿ ಬಿಗಿ ಮಾಡಿ, ತೊಡೆಯ ನಡುವಿನ ಪಟ್ಟಿ ಇದ್ದರೆ ಅದನ್ನೂ ಕಟ್ಟಿ. ನಾಚಿಕೆಯಿಂದ ಅದನ್ನು ಬಿಡುವವರೇ ಜಾಸ್ತಿ.

ಡಾಲ್ಫಿನ್ ಕಂಡ ಕೂಡಲೇ ಆರು ಜನವೂ ಒಂದೇ ಪಕ್ಕಕ್ಕೆ ಎದ್ದು ಹೋಗಬೇಡಿ. ದೋಣಿಯ ಮೇಲೆ ಎಷ್ಟು ಜನ, ಎಷ್ಟು ತೂಕ ಅಂತ ಬರೆದಿರುವ ಫಲಕ ಇರುತ್ತದೆ, ಓದಿ. ತೂಕದಲ್ಲಿ ನಿಮ್ಮ ಬ್ಯಾಗುಗಳೂ ಸೇರುತ್ತವೆ.


ನೀಲಿದಾರಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೂರೂ ಉತ್ತರಗಳನ್ನು ಗುಂಪಿಗೆ ಓದಿ ಹೇಳಿದೆ. ದೋಣಿ ನಡೆಸುವ ಗೆಳೆಯನಿಗೆ ಸ್ವಲ್ಪ ಬೇಸರ ಆಯಿತು. ಸೂರ್ಯಾಸ್ತಕ್ಕೆಂದೇ ಅವನು ಇಷ್ಟು ದಿನ ಕಾದಿದ್ದು. ಹವಾಮಾನ ಚೆನ್ನಾಗಿದೆ ಅಂತ ತೋರಿಸುತ್ತಿದೆಯಲ್ಲ, ಮಳೆ ಇಲ್ಲ, ಮತ್ತೇನು ಅಂತ ಕೇಳುತ್ತಾನೆ. ಅವನಿಗೆ ಏನು ಹೇಳಲಿ?

ಹಳೇಹುಟ್ಟು ಸರ್, ಒಂದು ವಾರ ಮುಂದೆ ಹಾಕಿದರೆ ಏನು ಬದಲಾಗುತ್ತದೆ ಅಂತ ಬಿಡಿಸಿ ಹೇಳುತ್ತೀರಾ? ರಜೆಯನ್ನು ಹೇಗೋ ಹೊಂದಿಸಬಹುದು.


ಹಳೇಹುಟ್ಟು:

ಮಳೆ ಇಲ್ಲದಿರುವುದೇ ಬಿಸಿಲು ಜಾಸ್ತಿ ಅನ್ನುವ ಸೂಚನೆ ಅಲ್ವಾ? ಬಿಸಿಲು ಜಾಸ್ತಿ ಇದ್ದರೆ ನೆಲ ಜಾಸ್ತಿ ಕಾಯುತ್ತದೆ, ಕಡಲಗಾಳಿಯೂ ಜೋರು. ಆಕಾಶ ನೀಲಿ ಇದ್ದ ದಿನವೇ ಮಧ್ಯಾಹ್ನದ ನೀರು ಕೆಡುವುದುಂಟು. ನಿಮ್ಮ ಗೆಳೆಯ ಹವಾಮಾನದಲ್ಲಿ ಮಳೆಯ ಚಿತ್ರ ಬಿಟ್ಟು ಗಾಳಿಯ ಅಂಕಿ ನೋಡಲಿ. 1805ರಲ್ಲಿ ಫ್ರಾನ್ಸಿಸ್ ಬ್ಯೂಫರ್ಟ್ ಅನ್ನುವ ಬ್ರಿಟಿಷ್ ನೌಕಾಧಿಕಾರಿ ಗಾಳಿಯ ಬಲಕ್ಕೆ ಅಂಕಿ ಕೊಟ್ಟು ಒಂದು ಅಳತೆ ಮಾಡಿದರು, ಇಂದಿಗೂ ಅದೇ ಬಳಕೆಯಲ್ಲಿದೆ. 3ನೇ ಅಂಕಿ ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್ ಗಾಳಿ, ಅಲ್ಲಲ್ಲಿ ಒಂದೊಂದು ತೆರೆಯ ತಲೆಯಲ್ಲಿ ಬಿಳಿ ನೊರೆ ಕಾಣುತ್ತದೆ. 4 ಅಂದರೆ 20ರಿಂದ 28, ಆಗ ಎತ್ತ ನೋಡಿದರೂ ಬಿಳಿ. ನಿಮ್ಮ ದೋಣಿಗೆ, ನಿಮ್ಮ ಅನುಭವಕ್ಕೆ ಗೆರೆ ಇಲ್ಲೇ ಎಳೆಯಿರಿ. ಒಂದೊಂದು ಬಿಳಿ ಕಂಡಾಗಲೇ ಮರೆಯ ಕಡೆ ತಿರುಗಿ, ಎಲ್ಲ ಕಡೆ ಕಾಣುವವರೆಗೆ ಕಾಯಬೇಡಿ.

ಈಗ ಒಂದು ವಾರದ ವಿಷಯ. ದಿನಕ್ಕೆ 50 ನಿಮಿಷದಂತೆ ಏಳು ದಿನಕ್ಕೆ ಸುಮಾರು ಆರು ಗಂಟೆ ಹೊತ್ತು ಸರಿಯುತ್ತದೆ. ಅಂದರೆ ಆ ಶನಿವಾರ ನಡುರಾತ್ರಿಯ ಉಬ್ಬರ ಬೆಳಿಗ್ಗೆ 6ರ ಆಸುಪಾಸಿಗೆ ಬರುತ್ತದೆ, ಬೆಳಗಿನ ಇಳಿತ ಮಧ್ಯಾಹ್ನ 12ರ ಆಸುಪಾಸಿಗೆ. ಸರಿಯಾದ ಹೊತ್ತನ್ನು ಪಟ್ಟಿಯಲ್ಲೇ ನೋಡಿಕೊಳ್ಳಿ. ಅಷ್ಟೇ ಅಲ್ಲ, ಆಗ ಅಷ್ಟಮಿ ಕಳೆದು ಒಂದೆರಡು ದಿನ ಆಗಿರುತ್ತದೆ, ಉಬ್ಬರ ಇಳಿತದ ಅಂತರ ಅತಿ ಕಡಿಮೆ ಇರುವ ದಿನಗಳು. ಸೆಳೆತ ಮೆತ್ತಗೆ. ಬೆಳಕು ಹರಿದ ಕೂಡಲೇ 6.30ಕ್ಕೆ ಹೊರಡಿ. ಉಬ್ಬರ ಮುಗಿದು ನೀರು ನಿಂತ ಹಾಗೆ ಇರುವ ಹೊತ್ತು ಅದು, ಅಳಿವೆಯಲ್ಲಿ ಆಳವೂ ಜಾಸ್ತಿ, ಗಾಳಿಯೂ ಇಲ್ಲ. ಅಳಿವೆಗೆ ನುಗ್ಗುವ ಮೊದಲು ಒಳಗೇ ಐದು ನಿಮಿಷ ನಿಂತು ನೋಡಿ. ತೆರೆ ಒಡೆಯುತ್ತಿದೆಯಾ, ಎಲ್ಲಿ ಒಡೆಯುತ್ತಿಲ್ಲ, ಬೇರೆ ದೋಣಿಗಳು ಎತ್ತ ಹೋಗುತ್ತಿವೆ. ಅಡ್ಡಲಾಗಿ ಬಿಳಿ ಸಾಲು ಕಂಡರೆ ಅವತ್ತು ಹಿನ್ನೀರೇ ಸಾಕು.

ವಾಪಸ್ ಬರುವಾಗ ನೋಡಿ ಎಷ್ಟು ಚೆನ್ನಾಗಿ ಕೂಡುತ್ತದೆ. ಮಧ್ಯಾಹ್ನ 1ರ ಹೊತ್ತಿಗೆ ಉಬ್ಬರ ಶುರುವಾಗಿರುತ್ತದೆ, ನೀರು ಒಳಗೆ ಹೋಗುತ್ತಿರುತ್ತದೆ. ಕಡಲಗಾಳಿಯೂ ಒಳಗೇ ಬೀಸುತ್ತಿರುತ್ತದೆ. ಎರಡೂ ಒಂದೇ ಕಡೆ ಹೋದಾಗ ತೆರೆ ಕಡಿದಾಗಿ ಏಳುವುದಿಲ್ಲ. ಅದೇ ಅಳಿವೆ, ಅದೇ ಗಾಳಿ, ಆದರೆ ಬೇರೆಯೇ ನೀರು. ಒಂದು ಎಚ್ಚರಿಕೆ: ಬೆಳಿಗ್ಗೆ 8ರಿಂದ ಹನ್ನೆರಡೂವರೆವರೆಗೆ ಅಳಿವೆಗೆ ಬರಬೇಡಿ, ಆಗ ನೀರು ಹೊರಗೆ ಹರಿಯುತ್ತಿರುತ್ತದೆ. ಗಾಳಿ ಬೇಗ ಎದ್ದರೆ ದೀಪಸ್ತಂಭದ ಬಂಡೆಯ ಮರೆಯಲ್ಲಿ ಲಂಗರು ಹಾಕಿ ಕಾಯಿರಿ. ನೀರಿನ ಆಳ, ನೀರಿನಿಂದ ದೋಣಿಯ ಮೂತಿಯ ಎತ್ತರ ಎರಡನ್ನೂ ಕೂಡಿಸಿ, ಲಂಗರಿನ ಹಗ್ಗ ಅದರ ಐದು ಪಟ್ಟಾದರೂ ಇರಲಿ. ಆಳ 4 ಮೀಟರ್, ಮೂತಿಯ ಎತ್ತರ 1 ಮೀಟರ್ ಅಂದರೆ 25 ಮೀಟರ್ ಹಗ್ಗ. ನೀರು ಏರುವಾಗ ಆಳವೂ ಏರುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಹಗ್ಗ ಗಿಡ್ಡವಾದರೆ ಲಂಗರು ಕಚ್ಚುವುದಿಲ್ಲ, ಮೇಲಕ್ಕೆ ಎದ್ದು ಜಾರುತ್ತದೆ.

ಗುಹೆಯನ್ನು ಹೊರಗಿನಿಂದ ನೋಡಿ. ಒಳಗೆ ಹೋದಾಗ ಒಂದು ದೊಡ್ಡ ತೆರೆ ಬಂದರೆ ದೋಣಿ ಮೇಲೆದ್ದು ಛಾವಣಿಗೆ ತಲೆ ಬಡಿಯುತ್ತದೆ. ನೀರಿಗೆ ಇಳಿಯುವುದಾದರೆ ಎಂಜಿನ್ ಪೂರ್ತಿ ಆಫ್, ನ್ಯೂಟ್ರಲ್ ಸಾಲದು. ನಡೆಸುವವನು ಬಿದ್ದರೆ ಎಂಜಿನ್ ನಿಲ್ಲಿಸುವ ಒಂದು ಬಳ್ಳಿ ಇರುತ್ತದೆ, ಅದು ಅವನ ಕಾಲಿಗೆ ಕಟ್ಟಿರಲೇಬೇಕು. ಇಂಧನ ಹೋಗಲು ಮೂರನೇ ಒಂದು ಪಾಲು, ಬರಲು ಒಂದು, ಇನ್ನೊಂದು ಪಾಲು ಮುಟ್ಟದೆ ಇಡಿ. ರೇಡಿಯೋ ಇದ್ದರೆ ಚಾನೆಲ್ 16 ಹಾಕಿಟ್ಟಿರಿ. ಜೀವಕ್ಕೆ ಅಪಾಯ ಬಂದರೆ ಅದರಲ್ಲೇ ಮೂರು ಸಲ ಮೇಡೇ ಅಂತ ಕೂಗಿ, ದೋಣಿಯ ಹೆಸರು, ಎಲ್ಲಿದ್ದೀರಿ, ಎಷ್ಟು ಜನ ಅಂತ ಹೇಳಬೇಕು. ಇದನ್ನು ಒಬ್ಬನೇ ಅಲ್ಲ, ಇಬ್ಬರಾದರೂ ಕಲಿತಿರಲಿ. ದಡದಲ್ಲಿ ಒಬ್ಬರಿಗೆ ನೀವು ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಬರೆದುಕೊಟ್ಟು ಹೋಗಿ.

ನಿಮ್ಮ ಗೆಳೆಯನಿಗೆ ಹೇಳಿ, ಸೂರ್ಯಾಸ್ತವನ್ನು ಜೆಟ್ಟಿಯ ಮೇಲೆ ಕಾಲು ಇಳಿಬಿಟ್ಟು ನೋಡಬಹುದು. ಕತ್ತಲಲ್ಲಿ ಅಳಿವೆ ದಾಟುವ ಚಿಂತೆ ಇಲ್ಲದೆ ನೋಡಿದರೆ ಅದು ಇನ್ನೂ ಚೆಂದ. ಮತ್ತೆ ಆರು ಜನವೂ ಮೊದಲೇ ಒಂದು ಮಾತು ಮಾಡಿಕೊಳ್ಳಿ. ಯಾರೇ ಒಬ್ಬರು ಸಾಕು ಅಂದರೂ ಅಲ್ಲಿಗೆ ನಿಲ್ಲಿಸಬೇಕು. ಯಾಕೆ ಅಂತ ಕೇಳುವುದು ದಡಕ್ಕೆ ಬಂದ ಮೇಲೆ.


ದುರ್ಬೀನು:

ಜಾಗ್ರತೆಯ ಮಾತೆಲ್ಲ ಹಿರಿಯರು ಹೇಳಿದ್ದಾರೆ. ನಾನು ನೋಡುವುದರ ಬಗ್ಗೆ ಬರೆಯುತ್ತೇನೆ, ನೀವು ಹೋಗುತ್ತಿರುವುದು ಅದಕ್ಕೇ ತಾನೇ.

ದೀಪಸ್ತಂಭ ಎಷ್ಟು ದೂರದಿಂದ ಕಾಣುತ್ತದೆ ಅಂತ ಗೆಳೆಯರಲ್ಲಿ ಒಂದು ಆಟ ಆಡಿ. ನೀರಿನಿಂದ ನಿಮ್ಮ ಕಣ್ಣು 2 ಮೀಟರ್ ಎತ್ತರದಲ್ಲಿದ್ದರೆ ಕಡಲಿನ ಅಂಚು ನಿಮಗೆ ಬರೀ 5 ಕಿಲೋಮೀಟರ್ ದೂರ. ಅದರಾಚೆ ಭೂಮಿ ಬಾಗಿದೆ. ಆದರೆ 40 ಮೀಟರ್ ಎತ್ತರದ ದೀಪ ಗಾಳಿ ತಿಳಿಯಾಗಿದ್ದರೆ ಸುಮಾರು 27 ಕಿಲೋಮೀಟರ್‌ನಿಂದಲೇ ಕಾಣಲು ಶುರುವಾಗುತ್ತದೆ. ದೂರ ಹೋದ ಹಾಗೆ ಮೊದಲು ಬುಡ ಮುಳುಗುತ್ತದೆ, ಆಮೇಲೆ ನಡು, ಕೊನೆಗೆ ದೀಪ. ಒಳಗಿನ ಗಾಜು ನೋಡಲು ಬಿಟ್ಟರೆ ತಪ್ಪಿಸಿಕೊಳ್ಳಬೇಡಿ. ಫ್ರೆನೆಲ್ ಅನ್ನುವ ಫ್ರೆಂಚ್ ವಿಜ್ಞಾನಿ ದಪ್ಪ ಗಾಜಿನ ಬದಲು ಉಂಗುರ ಉಂಗುರವಾಗಿ ಪಟ್ಟಕಗಳನ್ನು ಜೋಡಿಸಿ ಬೆಳಕನ್ನು ಒಂದೇ ಕಡೆ ಕಳಿಸುವ ಹಾಗೆ ಮಾಡಿದರು. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅದನ್ನು ಮೊದಲು ಹಚ್ಚಿದರು. ಮತ್ತೆ, ಅಕ್ಕಪಕ್ಕದ ದೀಪಗಳು ಒಂದೇ ಥರ ಮಿನುಗುವುದಿಲ್ಲ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಅಂತ ಎಣಿಸಿ ನಾವಿಕರು ಇದು ಯಾವ ದೀಪ ಅಂತ ಗುರುತು ಹಿಡಿಯುತ್ತಾರೆ. ಜೆಟ್ಟಿಯಿಂದ ಕಂಡರೆ ರಾತ್ರಿ ನೀವೂ ಎಣಿಸಿ.

ಡಾಲ್ಫಿನ್ ಹಿಂದೆ ಓಡಿಸಬೇಡಿ. ವೇಗ ಬದಲಿಸದೆ, ದಿಕ್ಕು ಬದಲಿಸದೆ ನಿಧಾನವಾಗಿ ಹೋಗುತ್ತಿರಿ. ಅವಕ್ಕೆ ಇಷ್ಟ ಇದ್ದರೆ ಅವೇ ಬಂದು ಮೂತಿಯ ಮುಂದೆ ದೋಣಿ ತಳ್ಳುವ ನೀರಿನ ಮೇಲೆ ಸವಾರಿ ಮಾಡುತ್ತವೆ. ಮರಿ ಜೊತೆಗಿದ್ದರೆ ದೂರವೇ ಇರಿ.

ಪೋಲರೈಸ್ಡ್ ಕನ್ನಡಕ ಒಬ್ಬರ ಹತ್ತಿರವಾದರೂ ಇರಲಿ. ನೀರಿನ ಮೇಲಿನ ಹೊಳಪು ಕಡಿಮೆಯಾಗಿ ಒಳಗಿನದು ಕಾಣುತ್ತದೆ. ಸೂರ್ಯ ಬೆನ್ನ ಹಿಂದೆ ಇದ್ದಾಗ ಬಣ್ಣ ಓದಬಹುದು: ಕಡು ನೀಲಿ ಇದ್ದರೆ ಆಳ, ತಿಳಿ ಹಸಿರು ಅಂದರೆ ಮರಳು ಹತ್ತಿರ ಇದೆ, ಕಂದು ಅಂದರೆ ಬಂಡೆ ಅಥವಾ ಪಾಚಿ. ಅಳಿವೆಯ ಕೆಸರು ನೀರಿನಲ್ಲಿ ಮಾತ್ರ ಇದನ್ನು ನಂಬಬೇಡಿ.

ಕೊನೆಯದು, ನನಗೆ ಅತಿ ಇಷ್ಟದ್ದು. ನೀವು ಮುಂದೆ ಹಾಕಿದ ಶನಿವಾರ ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಸಂಜೆಯೆಲ್ಲ ಗಾಢ ಕತ್ತಲು. ಆಗ ಜೆಟ್ಟಿಯ ದೀಪದಿಂದ ದೂರ ಹೋಗಿ ನೀರನ್ನು ಕೋಲಿನಿಂದ ಕಲಕಿ ನೋಡಿ. ನಾಕ್ಟಿಲ್ಯೂಕಾ ಥರದ ಅತಿ ಸಣ್ಣ ಜೀವಿಗಳು ನೀರಿನಲ್ಲಿದ್ದರೆ ಅಲುಗಿಸಿದ ಕೂಡಲೇ ನೀಲಿಯಾಗಿ ಬೆಳಗುತ್ತವೆ. ಎಲ್ಲ ದಿನ ಸಿಗುವುದಿಲ್ಲ. ಸಿಕ್ಕರೆ ಇಲ್ಲಿ ಬಂದು ಹೇಳಿ.


ನೀಲಿದಾರಿ:

ಹೋಗಿ ಬಂದೆವು. ಒಂದು ವಾರ ಮುಂದೆ ಹಾಕಿಯೇ ಹೋದೆವು.

6.30ಕ್ಕೆ ಹೊರಟೆವು. ಅಳಿವೆಯ ಒಳಗೆ ಎಂಜಿನ್ ಮೆತ್ತಗೆ ಇಟ್ಟು ಐದು ನಿಮಿಷ ನಿಂತೆವು, ಯಾರೂ ಮಾತಾಡಲಿಲ್ಲ. ನೀರು ಎಣ್ಣೆಯ ಹಾಗೆ ನಯವಾಗಿತ್ತು. ಒಂದು ಮೀನುಗಾರ ದೋಣಿ ಎಡಗಡೆ ಬಂಡೆಯ ಹತ್ತಿರದಿಂದ ಹೊರಗೆ ಹೋಯಿತು, ನಾವೂ ಅದರ ಹಾದಿಯಲ್ಲೇ ಹೋದೆವು. ದೀಪಸ್ತಂಭದ ಮೇಲೆ ಹತ್ತಲು ಬಿಡಲಿಲ್ಲ, ಆದರೆ ಕೆಳಗಿನಿಂದಲೇ ಗಾಜಿನ ಉಂಗುರಗಳು ಬೆಳಗಿನ ಬಿಸಿಲಿಗೆ ಹಸಿರಾಗಿ ಕಂಡವು. ಗುಹೆಯನ್ನು ಹೊರಗಿನಿಂದ ನೋಡಿದೆವು. ತೆರೆ ಒಳಗೆ ಹೋಗಿ ಒಂದು ಕ್ಷಣ ಸದ್ದೇ ಇರುವುದಿಲ್ಲ, ಆಮೇಲೆ ಒಳಗೆಲ್ಲೋ ಬಾಗಿಲು ಬಡಿದ ಹಾಗೆ ಧಡ್ ಅನ್ನುತ್ತದೆ. ಅದನ್ನು ಕೇಳಿದ ಮೇಲೆ ಒಳಗೆ ಹೋಗೋಣ ಅಂತ ಯಾರೂ ಅನ್ನಲಿಲ್ಲ.

ಸುಮಾರು 10.40ಕ್ಕೆ ದಿಬ್ಬದ ಕಡೆ ತಿರುಗಿದೆವು. ಇನ್ನೂ 2 ಕಿಲೋಮೀಟರ್ ಇತ್ತು. ದೂರದಲ್ಲಿ ಒಂದು ಬಿಳಿ ಚುಕ್ಕೆ, ಆಮೇಲೆ ಇನ್ನೊಂದು. ಸಾಕು ಅಂತ ಮೊದಲು ಅಂದವನು ದೋಣಿ ನಡೆಸುತ್ತಿದ್ದ ಗೆಳೆಯನೇ. ಯಾರೂ ಕಾರಣ ಕೇಳಲಿಲ್ಲ. ತಿರುಗಿಸಿ ಬಂಡೆಯ ಮರೆಗೆ ಬಂದು 30 ಮೀಟರ್ ಹಗ್ಗ ಬಿಟ್ಟು ಲಂಗರು ಹಾಕಿದೆವು. ಅಲ್ಲಿ ಎರಡು ಗಂಟೆ ಕೂತೆವು. ವಾಂತಿ ಬರುವ ಗೆಳತಿ ಕಡಲಿನ ಅಂಚು ನೋಡುತ್ತಾ ಕೂತಿದ್ದಳು, ಅವಳಿಗೇ ಮೊದಲು ಡಾಲ್ಫಿನ್ ಕಂಡಿದ್ದು. ಮೂರು ಬೆನ್ನುಗಳು, ಒಂದರ ಹಿಂದೆ ಒಂದು. ನಾವು ಐದು ಜನ ಕೂತಲ್ಲೇ ತಲೆ ತಿರುಗಿಸಿ ನೋಡಿದೆವು. ತೀರದವಳು ಅಕ್ಕ, ಅವಳಿಗೆ ಅವತ್ತು ಒಂದು ಸಲವೂ ವಾಂತಿ ಆಗಲಿಲ್ಲ ಅಂತ ನಿಮಗೆ ತಿಳಿಸಲು ಹೇಳಿದ್ದಾಳೆ.

1 ಗಂಟೆ ಕಳೆದ ಮೇಲೆ ಹೊರಟೆವು. ಹೊರಗೆ ಬಿಳಿ ನೊರೆ ಆಗ ಚೆನ್ನಾಗಿಯೇ ಎದ್ದಿತ್ತು, ನನಗೆ ಹೊಟ್ಟೆಯಲ್ಲಿ ಹೆದರಿಕೆ ಇತ್ತು. ಆದರೆ ಅಳಿವೆಯಲ್ಲಿ ತೆರೆಗಳು ಉದ್ದವಾಗಿ, ಬೆನ್ನು ತಟ್ಟುವ ಹಾಗೆ ಹಿಂದಿನಿಂದ ಬಂದು ನಮ್ಮನ್ನು ಒಳಗೆ ದಾಟಿಸಿದವು. ಹಳೇಹುಟ್ಟು ಸರ್, ನೀವು ಹೇಳಿದ್ದು ಆಗ ಅರ್ಥವಾಯಿತು.

ರಾತ್ರಿ 9ರ ಹೊತ್ತಿಗೆ ಜೆಟ್ಟಿಯ ಕೊನೆಗೆ ಹೋದೆವು. ಕೋಲು ಸಿಗಲಿಲ್ಲ. ದೋಣಿ ಕಟ್ಟಿದ ಹಗ್ಗದ ತುದಿ ನೀರಿಗೆ ಇಳಿಬಿದ್ದಿತ್ತು, ಅದನ್ನೇ ಎಳೆದು ಬಿಟ್ಟೆ. ನೀರು ಮುಟ್ಟಿದಲ್ಲಿ ಒಂದು ನೀಲಿ ಗೆರೆ ಎದ್ದು ಹಗ್ಗದ ಉದ್ದಕ್ಕೂ ಓಡಿ ಆರಿಹೋಯಿತು. ಈಜು ಬಾರದ ಇಬ್ಬರೂ ಜೆಟ್ಟಿಯ ಮೇಲೆ ಬೋರಲು ಮಲಗಿ ಮೊಣಕೈವರೆಗೆ ಕೈ ಇಳಿಸಿ ನೀರು ಕಲಕುತ್ತಾ ಕೂತರು. ಕೈ ಮೇಲೆತ್ತಿದಾಗ ಬೆರಳಿನಿಂದ ಬೀಳುವ ಒಂದೊಂದು ಹನಿಯೂ ಬಿದ್ದ ಜಾಗದಲ್ಲಿ ಬೆಳಗುತ್ತಿತ್ತು. ದುರ್ಬೀನು ಅವರೇ, ಸಿಕ್ಕಿತು.